ಭಂಡಾರ ಹಾಕಿದ ಕೈ

ಅವರ ಬಲಗೈ ಹಳದಿಯಾಗಿತ್ತು. ಎಷ್ಟು ತೊಳೆದರೂ ಹೋಗದ ಹಳದಿ. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ, ಹೆಬ್ಬೆರಳಿನ ಒಡಕಿನಲ್ಲಿ ಅರಿಶಿನ ಕೂತುಬಿಟ್ಟಿತ್ತು. ಎಡಗೈ ಮಾತ್ರ ಎಲ್ಲ ಕುರಿಗಾರರ ಕೈಯ ಹಾಗೆ ಕಪ್ಪಗೆ, ಬಿರುಸಾಗಿ, ಉಣ್ಣೆಯ ಜಿಡ್ಡು ಹತ್ತಿ ಮಿಂಚುತ್ತಿತ್ತು. ಸೊಂಟದಲ್ಲಿ ಒಂದು ಸಣ್ಣ ಚೀಲ ಕಟ್ಟಿರುತ್ತಿದ್ದರು. ಅದರಲ್ಲಿ ಭಂಡಾರ, ಅಂದರೆ ಕುರಿಗಾರರ ದೇವರು ಬೀರಪ್ಪನ ಹೆಸರಿನ ಅರಿಶಿನ ಪುಡಿ. ಮರಿ ಹುಟ್ಟಿದರೆ ಅದರ ಹಣೆಗೆ ಒಂದು ಚಿಟಿಕೆ, ಕುರಿ ಮೇವು ಬಿಟ್ಟರೆ ಒಂದು ಚಿಟಿಕೆ, ದೂರದ ಹಾದಿ ಹಿಡಿಯುವ ಮುಂಚೆ ತಮ್ಮ ಹಣೆಗೂ ಒಂದು ಚಿಟಿಕೆ. ಮೊದಲ ಸಲ ಆ ಕೈ ನೋಡಿದಾಗ ನನಗೆ ಮೈಯೆಲ್ಲ ಉರಿದಿತ್ತು. ಯಾಕೆಂದರೆ ಅದು ನನ್ನ ಸಸಿಗಳನ್ನು ತಿನ್ನುತ್ತಿದ್ದ ಟಗರಿನ ಹಗ್ಗ ಹಿಡಿದುಕೊಂಡಿತ್ತು.

ನಾವೆಲ್ಲ ಅವರನ್ನು ಮುತ್ಯಾ ಎಂದೇ ಕರೆದೆವು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಹೆಸರು ಕೇಳುವ ಪ್ರಸಂಗ ಕೊನೆಯವರೆಗೂ ಬರಲಿಲ್ಲ.

ಅರವತ್ತರ ದಶಕ ಮುಗಿದು ಎಪ್ಪತ್ತರದು ಹಿಡಿದಿದ್ದ ಕಾಲ. ನಾನು ಜತ್ತದಲ್ಲಿ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ನಮಗೆ ಕಲಿಸುತ್ತಿದ್ದ ಮಾಸ್ತರರು ಬೆಳುಂಕಿಯವರು, ಒಕ್ಕಲುತನದ ಮನೆಯವರು. ಸೋನ್ಯಾಳದ ಆಚೆ ಇದ್ದ ಬೋಳು ಮಡ್ಡಿಯೊಂದರ ಮೇಲೆ ಅವರ ಕಣ್ಣು ಬಿದ್ದಿತ್ತು. ಮಡ್ಡಿ ಅಂದರೆ ಕಲ್ಲುನೆಲದ ದಿಬ್ಬ. ಸರಕಾರದ ಜಮೀನು. ಮಳೆ ಬಂದರೆ ಮಣ್ಣೆಲ್ಲ ಹಳ್ಳಕ್ಕೆ ಇಳಿದುಹೋಗುತ್ತಿತ್ತು. ಹುಡುಗರನ್ನು ಕರೆದುಕೊಂಡು ಹೋಗಿ ಒಡ್ಡು ಹಾಕಬೇಕು, ಗಿಡ ಹಚ್ಚಬೇಕು, ಹುಲ್ಲಿನ ಬೀಜ ಉಗ್ಗಬೇಕು, ಅದನ್ನು ಕುರಣ ಮಾಡಬೇಕು ಎಂದು ಅವರ ಹಟ. ಹುಲ್ಲಿಗಾಗಿ ಕಾಯ್ದಿಟ್ಟ ನೆಲಕ್ಕೆ ಕುರಣ ಅನ್ನುವುದು. ಕೂಲಿ ಇಲ್ಲ, ಭತ್ತೆ ಇಲ್ಲ, ಶ್ರಮದಾನದ ಶಿಬಿರ. ನಾನೂ ಬರುತ್ತೇನೆ ಎಂದು ಹೆಸರು ಕೊಟ್ಟೆ.

ನಮ್ಮಪ್ಪ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟವನು. ಕೇಳಿದ್ದೇ ತಡ, ತಕ್ಕಡಿ ಕೆಳಗಿಟ್ಟ. "ಮಡ್ಯಾಗ ಹೋಗಿ ಕಲ್ಲು ಹೊರಲಿ ಅಂತ ನಿನ್ನ ಕಾಲೇಜಿಗಿ ಹಚ್ಚೀನೇನು?" ಎಂದ. ಮಾಸ್ತರರ ಹೆಂಡತಿ ಸಂಗಾಟ ಬರುತ್ತಾರೆ ಎಂದ ಮೇಲೆ, ಅವ್ವ ಎರಡು ದಿನ ಮಾತು ಬಿಟ್ಟ ಮೇಲೆ, ಹೂಂ ಅಂದ.

ಜತ್ತದಿಂದ ಮಾಡಗ್ಯಾಳಕ್ಕೆ ಬೆಳಗಿನ ಗಾಡಿ ಒಂದೇ. ಅವತ್ತು ಸಂತೆ ಬೇರೆ. ಗುದ್ದಲಿ, ಸಲಿಕೆ, ಹಿಟ್ಟಿನ ಚೀಲ, ಬೋಗುಣಿ, ಸಸಿಯ ಬುಟ್ಟಿಗಳು, ಇಷ್ಟನ್ನು ಹೊತ್ತುಕೊಂಡು ನಾವು ನುಗ್ಗಿದೆವು. ಕಂಡಕ್ಟರ್, "ಎಲ್ಲಾ ಮ್ಯಾಲ ಟಪ್ಪಿಗಿ ಹಾಕ್ರಿ" ಎಂದು ಕೂಗುತ್ತಲೇ ಇದ್ದ. ಬಿಸಿಲಿಗೆ ಬಾಡುತ್ತವೆ ಎಂದು ಹುಣಸೆ ಸಸಿಯ ಒಂದು ಬುಟ್ಟಿಯನ್ನು ನಾನು ಮೇಲೆ ಹಾಕಗೊಡಲಿಲ್ಲ. ಹಠ ಮಾಡಿ ಒಳಗೆ ಹಿಂದಿನ ಬಾಗಿಲ ಹತ್ತಿರ ಇಟ್ಟು, ಮುಂದೆ ಹೆಣ್ಣುಮಕ್ಕಳ ಸಾಲಿನಲ್ಲಿ ಹೋಗಿ ಕೂತೆ. ಎಳೆ ಮಗುವಿನ ಹಾಗೆ ಮೂರು ತಿಂಗಳು ನೀರುಣಿಸಿ ಬೆಳೆಸಿದ ಸಸಿಗಳವು.

ಅರ್ಧ ಹಾದಿಯಲ್ಲಿ ಹಿಂದಿರುಗಿ ನೋಡಿದರೆ, ಉಬ್ಬು ಮೂಗಿನ, ಕಂದು ಮಚ್ಚೆಯ ಮಾಡಗ್ಯಾಳದ ಟಗರಿನ ಮರಿಯೊಂದು ಬುಟ್ಟಿಯಲ್ಲಿ ಮುಖವಿಟ್ಟು ಕರಂಕರಂ ಮೇಯುತ್ತಿದೆ! ಎದ್ದು ನಿಂತು ಚೀರಿದೆ.

"ಏ ಮುತ್ಯಾ! ನಿನ್ನ ಟಗರು ನಮ್ಮ ಗಿಡ ತಿನ್ನಾಕತ್ತೈತಿ, ಕಣ್ಣ ಕಾಣಂಗಿಲ್ಲೇನು?"

ಹಳದಿ ಕೈಯ ಮುದುಕರು ಟಗರನ್ನು ನೋಡಿದರು, ಬುಟ್ಟಿ ನೋಡಿದರು, ಕಡೆಗೆ ನನ್ನನ್ನು ನೋಡಿದರು. ಬುಟ್ಟಿಯಲ್ಲಿ ಕಡ್ಡಿ ಉಳಿದಿದ್ದವು. "ತಿಂದೈತಿ ಯವ್ವಾ, ಖರೆ ಐತಿ. ಅದಕ್ಕ ತಿನ್ನೂದು ಗೊತ್ತು, ಯಾರ್ದು ಅಂತ ಗೊತ್ತಾಗಂಗಿಲ್ಲ" ಎಂದರು.

ಕಂಡಕ್ಟರ್ ನಡುವೆ ಬಾಯಿ ಹಾಕಿ, "ಟಗರಿಗಿ ತಿಕೀಟ ಕೊಟ್ಟೀನಿ, ನಾಷ್ಟಾ ನಾ ಹೇಳಿಲ್ಲಪಾ" ಎಂದ. ಗಾಡಿ ತುಂಬ ನಗು. ನನಗೆ ಅಳು ಬಂದಿತ್ತು. ಮುದುಕರು ನಗಲಿಲ್ಲ. ಎಲ್ಲಿಗೆ ಒಯ್ಯುತ್ತಿದ್ದಿರಿ ಎಂದು ಕೇಳಿದರು. ಸೋನ್ಯಾಳದ ಆಚೆ ಮಡ್ಡಿಗೆ ಅಂದೆ. ಅವರು ಟಗರನ್ನು ಹತ್ತಿರ ಎಳೆದು ಮೊಣಕಾಲ ಸಂದಿಯಲ್ಲಿ ಹಿಡಿದುಕೊಂಡರು.

ಮಾಡಗ್ಯಾಳಕ್ಕೆ ಗಾಡಿ ಮುಗಿಯುತ್ತಿತ್ತು. ಮುಂದೆ ಎತ್ತಿನ ಬಂಡಿ ಹೇಳಿದ್ದರು ಮಾಸ್ತರರು. ಬಂಡಿ ಬರಲಿಲ್ಲ, ಎತ್ತಿನ ಕಾಲಿಗೆ ಏನೋ ಆಗಿದೆ ಎಂದು ಸುದ್ದಿ ಬಂತು. ಬೇವಿನ ಗಿಡದ ಕೆಳಗೆ ಗಂಟುಮೂಟೆ ಗುಡ್ಡೆ ಹಾಕಿಕೊಂಡು ನಾವು ಪಿಳಿಪಿಳಿ ನೋಡುತ್ತ ಕೂತೆವು. ಬಿಸಿಲು ಏರಿತು. ಅಷ್ಟರಲ್ಲಿ ಆ ಮುದುಕರು ಟಗರನ್ನು ಮನೆಗೆ ಬಿಟ್ಟು, ಒಂದು ತಟ್ಟು ಹಿಡಿದುಕೊಂಡು ಬಂದರು. ತಟ್ಟು ಅಂದರೆ ಗಿಡ್ಡ ಕುದುರೆ, ಕುರಿಗಾರರು ಊರೂರು ತಿರುಗುವಾಗ ಕಂಬಳಿ, ಪಾತ್ರೆ, ನಡೆಯಲಾರದ ಮರಿ ಎಲ್ಲವನ್ನೂ ಅದರ ಮೇಲೆ ಹೇರುತ್ತಾರೆ.

"ಹೇರ್ರಿ ಸಾಮಾನು" ಎಂದರು. "ನನ್ನ ಟಗರು ತಿಂದ ಗಿಡದ ಋಣ ನನ್ನ ಮ್ಯಾಲ ಬ್ಯಾಡ."

ನಡೆದೆವು. ಮುಂದೆ ಮುತ್ಯಾ, ಅವರ ಹಿಂದೆ ತಟ್ಟು, ಅದರ ಪಕ್ಕದಲ್ಲಿ ಮಾಸ್ತರರು. ಮಾಸ್ತರರಿಗೆ ಮಡ್ಡಿಯ ಮಾತು ತೆಗೆದರೆ ಬಾಯಿ ನಿಲ್ಲುತ್ತಿರಲಿಲ್ಲ. ಒಡ್ಡು ಹೀಗೆ ಹಾಕುತ್ತೇವೆ, ಹುಲ್ಲು ಹೀಗೆ ಬರುತ್ತದೆ, ಆದರೆ ಮೂರು ಮಳೆಗಾಲ ಒಂದು ಕುರಿಯೂ ಒಳಗೆ ಬರಬಾರದು, ಹಿಂದೆ ಯಾರೋ ಮುಳ್ಳಿನ ಬೇಲಿ ಹಾಕಿದ್ದರಂತೆ, ಎರಡೇ ತಿಂಗಳಿಗೆ ಕಿತ್ತೊಗೆದರಂತೆ, ಎಂದು ಹೇಳುತ್ತ ಹೋದರು. ಮುತ್ಯಾ ತಟ್ಟಿನ ಹಗ್ಗವನ್ನು ತುಸು ಗಿಡ್ಡ ಹಿಡಿದು ಕೇಳಿದರು.

"ಅಲ್ಲಿ ಮೇಯೂ ಕುರಿ ಯಾರವು ಅಂತ ಗೊತ್ತೈತೇನ್ರಿ ಮಾಸ್ತರ?"

"ಮಾಡಗ್ಯಾಳದ ಕುರಿಗಾರರವು ಅಂತಾರ. ಅವರ ಹಿರ್ಯಾರು ಯಾರು ಅಂತ ಹುಡುಕಿ ಮಾತಾಡಬೇಕು."

"ಹುಡಕಬ್ಯಾಡ್ರಿ" ಎಂದರು ಮುತ್ಯಾ, ತಿರುಗಿ ನೋಡದೆ. "ನಿಮ್ಮ ಗಂಟು ಹೊತ್ತ ತಟ್ಟು ಅವಂದ."

ಮಡ್ಡಿ ಮುಟ್ಟುವವರೆಗೆ ತಟ್ಟಿನ ಗೊರಸಿನ ಸದ್ದಷ್ಟೇ ಕೇಳಿತು. ಸಾಮಾನು ಇಳಿಸಿ, ತಟ್ಟಿನ ಹೊಟ್ಟೆಪಟ್ಟಿ ಬಿಗಿದು, ಒಂದು ತಂಬಿಗೆ ನೀರು ಕುಡಿದು ಅವರು ಹೊರಟುಹೋದರು. ಇನ್ನು ಬಡಿಗೆ ತೆಗೆದುಕೊಂಡೇ ಬರುತ್ತಾರೆ ಅಂದುಕೊಂಡೆವು.

ಬಂದದ್ದೂ ಹೌದು. ಎರಡು ದಿನ ಬಿಟ್ಟು, ಬಡಿಗೆ ಹಿಡಿದ ಕುರಿಗಾರರ ಗುಂಪು ಬಂತು. ಮುತ್ಯಾ ನಡುವೆ ಕಲ್ಲಿನ ಮೇಲೆ ಕೂತರು. ಮಾತಾಡಿದವನು ಅವರ ಹಿರೇಮಗ. "ಮಡ್ಡಿ ಬಿಟ್ಟು ಎಲ್ಲಿ ಮೇಸೋಣ್ರಿ? ನೀವು ನಾಕ ದಿನ ಕಲ್ಲಿಟ್ಟು ಮೋಟಾರ ಹತ್ತತೀರಿ. ನಾವು ಇಲ್ಲೇ ಬಾಳೂ ಮಂದಿ" ಎಂದ. ಅವನ ಮಾತಿನಲ್ಲಿ ತಪ್ಪೇನಿತ್ತು? ಮಾಸ್ತರರು ಗುದ್ದಲಿ ಊರಿಕೊಂಡು ನಿಂತುಬಿಟ್ಟರು.

ಆಗ ಮುತ್ಯಾ ನನ್ನ ಕಡೆ ಕೈಮಾಡಿದರು. "ಆ ಹುಡಿಗಿ ಬುಟ್ಟಿ ನೋಡೀರೇನು? ನನ್ನ ಟಗರು ತಿಂದ ಬುಟ್ಟಿ? ನಾ ಸಣ್ಣವ ಇದ್ದಾಗ ಈ ಮಡ್ಯಾಗ ಕುರಿ ಮಕ್ಕೊಂಡ್ರ ಕಾಣತಿದ್ದಿಲ್ಲ, ಹುಲ್ಲು ಅಷ್ಟಿತ್ತು. ಈಗ ಬರೇ ಕಲ್ಲದಾವ. ಯಾರ ತಿಂದ್ರು? ನಮ್ಮವ ತಿಂದಾವ. ಅವಕ್ಕ ಗೊತ್ತಾಗಲಿಲ್ಲ ಅನ್ನಬಹುದು. ನಮಗ?"

ಅವರು ಎದ್ದು ಸೊಂಟದ ಚೀಲ ಬಿಚ್ಚಿದರು. ಅವರ ಮಂದಿಯಲ್ಲಿ ಒಂದು ಪದ್ಧತಿ. ಹಿರಿಯನಾದವನು ಯಾವುದಾದರೂ ನೆಲದ ಸುತ್ತ ಭಂಡಾರದ ಗೆರೆ ಹಾಕಿದರೆ ಅದು ದೇವರಿಗೆ ಬಿಟ್ಟ ಹಾಗೆ. ಕುರಿ ಬಾಯಿ ಹಾಕುವ ಹಾಗಿಲ್ಲ, ಕುಡುಗೋಲು ಆಡಿಸುವ ಹಾಗಿಲ್ಲ, ಕುರಿಗಾರನ ಕಾಲು ಆ ಗೆರೆ ದಾಟುವ ಹಾಗಿಲ್ಲ. ಯಾವ ಕೈ ಹಾಕಿತೋ ಅದೇ ಕೈ ಬಂದು ಗೆರೆಯ ಮೇಲಿನ ಮಣ್ಣು ಒಂದು ಚಿಟಿಕೆ ಎತ್ತಿದರೆ ಮಾತ್ರ ನೆಲ ಬಿಡುಗಡೆ. "ಮೂರು ಮಳಿಗಾಲ" ಎಂದು ಎಲ್ಲರೆದುರು ಹೇಳಿ, ಮುತ್ಯಾ ಬರಿಗಾಲಿನಲ್ಲಿ, ಚಿಟಿಕೆ ಚಿಟಿಕೆ ಭಂಡಾರ ಉದುರಿಸುತ್ತ ಮಡ್ಡಿಯ ಬುಡವನ್ನು ಸುತ್ತಿದರು. ಸುತ್ತಿ ಬರುವ ಹೊತ್ತಿಗೆ ನಡು ಮಧ್ಯಾಹ್ನ. ಹಿರೇಮಗ ಬಡಿಗೆಯನ್ನು ಬಂಡೆಗೆ ಒಮ್ಮೆ ಕುಕ್ಕಿ, ಹಿಂದೆ ನೋಡದೆ ಹೊರಟುಹೋದ.

ಭಂಡಾರ ಮೊದಲ ಮಳೆಗೇ ತೊಳೆದುಹೋಯಿತು. ಆದರೆ ಗೆರೆ ಎಲ್ಲಿದೆ ಎಂಬುದು ಸುತ್ತಲಿನ ಪ್ರತಿ ಕುರಿಗಾರನಿಗೂ ಗೊತ್ತಿತ್ತು. ಮುಳ್ಳಿನ ಬೇಲಿ ಕಿತ್ತ ಮಂದಿ ಅದನ್ನು ದಾಟಲಿಲ್ಲ.

ಆಮೇಲೆ ನಾವು ಹೋದಾಗಲೆಲ್ಲ, ಮಳೆಗಾಲದ ಆರಂಭಕ್ಕೆ, ದೀಪಾವಳಿ ಸೂಟಿಗೆ, ಬೇಸಿಗೆಯಲ್ಲಿ ನೀರು ಹಾಕಲಿಕ್ಕೆ, ಮುತ್ಯಾ ಮಾಡಗ್ಯಾಳದ ಬೇವಿನ ಗಿಡದ ಕೆಳಗೆ ತಟ್ಟು ಹಿಡಿದು ಕಾದಿರುತ್ತಿದ್ದರು. ಬರುತ್ತೇವೆಂದು ಯಾರು ಹೇಳುತ್ತಿದ್ದರೋ! ಕಂಡಕ್ಟರನೇ ಹೇಳುತ್ತಿದ್ದ ಅಂತ ಕಾಣುತ್ತದೆ. ಅವನೀಗ ನಮ್ಮ ಸಸಿಗಳಿಗೆ ಚಾಲಕನ ಹಿಂದೆ ಜಾಗ ಮಾಡಿಕೊಡುತ್ತಿದ್ದ, ಟಗರು ಹತ್ತಿದರೆ, "ಅತ್ತಾಗ, ಅತ್ತಾಗ, ಶಿಬಿರದ ಮಂದಿ ಕೂತಾರ" ಎಂದು ದೂರ ಸರಿಸುತ್ತಿದ್ದ. ಗಾಡಿಯಿಂದ ನಾನು ಇಳಿದ ಕೂಡಲೇ ಮುತ್ಯಾ ಕೇಳುತ್ತಿದ್ದ ಮೊದಲ ಮಾತು ಒಂದೇ: "ಬುಟ್ಟಿ ಚಲೋ ಅದಾವೇನವಾ?" ಅಷ್ಟು ವರ್ಷ ನನ್ನನ್ನು ಆ ಬುಟ್ಟಿಯಿಂದಲೇ ಚುಡಾಯಿಸಿದರು.

ತಟ್ಟಿನ ಮೇಲೆ ತಾವು ಎಂದೂ ಕೂರಲಿಲ್ಲ. "ಅದೂ ನಡ್ಯಾಕತ್ತೈತಿ, ನಾನೂ ನಡೀತೀನಿ" ಅನ್ನುತ್ತಿದ್ದರು. ಮಾಸ್ತರರ ಹೆಂಡತಿ ಕೊಟ್ಟ ರೊಟ್ಟಿಯಲ್ಲಿ ಮೊದಲ ತುತ್ತು ತಟ್ಟಿಗೆ. ಮಳೆ ಬರುತ್ತದೋ ಇಲ್ಲವೋ ಎಂದು ನಾವು ಕೇಳಿದರೆ, "ನನಗೇನ ಕಾಗದ ಬರದೈತೇನು?" ಎಂದು ರೇಗುತ್ತಿದ್ದರು. ನನಗೆ ಚಪ್ಪಲಿ ಕಚ್ಚಿ ಕುಂಟುತ್ತಿದ್ದಾಗ ಮಾತ್ರ ರೇಗದೆ ಹೆಗಲ ಕಂಬಳಿಯ ಅಂಚು ಹರಿದು ಹಿಮ್ಮಡಿಗೆ ಸುತ್ತಿಕೊಟ್ಟರು. ಕಂಬಳಿ ಹರಿಯುವುದು ಕುರಿಗಾರನಿಗೆ ಸಣ್ಣ ಮಾತಲ್ಲ.

ಒಂದನ್ನು ಮರೆಯಲಾರೆ. ಮಡ್ಡಿಯ ಬುಡ ಬಂದ ಕೂಡಲೇ ಅವರು ನಿಂತುಬಿಡುತ್ತಿದ್ದರು. ಗೆರೆ ಅವರಿಗೂ ಅಷ್ಟೇ. ಸಾಮಾನನ್ನೆಲ್ಲ ಅಲ್ಲೇ ಇಳಿಸಿ, ಕೈಚಾಚಿ ಒಂದೊಂದಾಗಿ ನಮಗೆ ದಾಟಿಸುತ್ತಿದ್ದರು. ನಾವು ಒಳಗೆ, ಅವರು ಹೊರಗೆ. ಹುಟ್ಟಿದಾಗಿನಿಂದ ತಿರುಗಿದ ಮಡ್ಡಿಯನ್ನು ಹಣೆಗೆ ಕೈ ಅಡ್ಡ ಹಿಡಿದು ಹೊರಗಿನಿಂದ ನೋಡುತ್ತಿದ್ದರು. "ಮೊಣಕಾಲ ಮುಟ್ಟೈತೇನವಾ ಹುಲ್ಲು?" ಎಂದು ಎರಡನೇ ವರ್ಷ ಕೇಳಿದರು. ಮುಟ್ಟಿದೆ ಅಂದೆ. ಮುಖ ಅರಳಿತು. ಆಗ ನನಗೆ ಅವರ ಮೇಲೆ ಎಷ್ಟು ಮಮತೆ ಬಂತೆಂದರೆ, ಸ್ವಂತ ಅಜ್ಜನ ಮೇಲೂ ಅಷ್ಟು ಬಂದಿರಲಿಲ್ಲ.

ಮೂರನೇ ವರ್ಷ ಮಳೆ ಬರಲಿಲ್ಲ.

ಆ ಬರವನ್ನು ನಮ್ಮ ತಾಲೂಕಿನ ನನ್ನ ವಾರಿಗೆಯವರು ಯಾರೂ ಮರೆತಿಲ್ಲ, ನಾನು ವರ್ಣಿಸಬೇಕಾಗಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗಿಡಗಳಿಗೆ ನೀರು ಹಾಕಲಿಕ್ಕೆಂದು ಹೊರಟೆವು. ಬೆಳಗಿನ ಗಾಡಿಯಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ರಸ್ತೆಯ ಎರಡೂ ಕಡೆ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯುವ ಮಂದಿ. ಒಂದು ಟಗರೂ ಗಾಡಿ ಹತ್ತಲಿಲ್ಲ. ಕಂಡಕ್ಟರ್ ತಮಾಷೆ ಮಾಡಲಿಲ್ಲ.

ಬೇವಿನ ಗಿಡದ ಕೆಳಗೆ ಮುತ್ಯಾ ಇದ್ದರು. ಅವರ ಜೊತೆ ಹಿರೇಮಗ, ಇನ್ನೂ ನಾಲ್ಕೈದು ಜನ. ನಾವು ಇಳಿಯುವುದನ್ನೇ ಕಾಯುತ್ತಿದ್ದವನ ಹಾಗೆ ಮಗ ಮಾಸ್ತರರ ಮುಂದೆ ಬಂದು ನಿಂತ. "ನೀವರೆ ಹೇಳ್ರಿ ಅಪ್ಪಗ. ಮರಿ ಸಾಯಾಕತ್ತಾವ. ಮಡ್ಯಾಗ ಹುಲ್ಲು ಒಣಗಿ ನಿಂತೈತಿ. ಮೂರು ವರ್ಷ ಮುಗೀಲಿಲ್ಲೇನು? ಭಂಡಾರ ತಗೀ ಅಂದ್ರ ತಗ್ಯಾಂಗಿಲ್ಲ" ಎಂದ. ತೋಳಿನಿಂದ ಕಣ್ಣು ಒರೆಸಿಕೊಂಡ.

ಮಾಸ್ತರರು ಒಂದು ಕ್ಷಣವೂ ತಡಮಾಡಲಿಲ್ಲ. ತಮ್ಮ ಹಟದ ಮಡ್ಡಿ ಅದು, ಮನೆಮಠ ಬಿಟ್ಟು ಬೆಳೆಸಿದ್ದು. ಆದರೂ, "ತಗೀರಿ ಮುತ್ಯಾ. ನಿಮ್ಮ ಕುರಿ ಉಳೀಲಿ. ಹುಲ್ಲು ಮತ್ತ ಬೆಳಸೋಣು" ಎಂದರು. ನಾನೂ ಹೇಳಿದೆ. ಬೇಡಿಕೊಂಡೆ ಅಂದರೂ ಸರಿಯೇ.

ಮುತ್ಯಾ ತಟ್ಟಿನ ಕೊರಳು ಸವರುತ್ತ ನಿಂತಿದ್ದರು. "ನಾ ಮೂರು ವರ್ಷ ಅಂದಿಲ್ಲ, ಮೂರು ಮಳಿಗಾಲ ಅಂದೀನಿ. ಮೂರನೇದು ಎಲ್ಲಿ ಬಂದೈತಿ?" ಎಂದರು.

"ಮುತ್ಯಾ, ಅದು ಬರೇ ಮಾತು. ದೇವರೇನ ಲೆಕ್ಕಾ ಹಿಡ್ಯಾಂಗಿಲ್ಲ" ಎಂದೆ ನಾನು.

"ದೇವರ ಸುದ್ದಿ ಬಿಡವಾ. ಈಗ ಬಿಟ್ರ ನನ್ನ ಒಬ್ಬನ ಕುರಿ ಹೋಗತಾವೇನು? ಹತ್ತೂರಿನವು ಬರತಾವ. ಎಂಟು ದಿನದಾಗ ಬೇರು ಸೈತ ತಿಂತಾವ. ಎಂಟು ದಿನ ಆದ ಮ್ಯಾಲ ಕುರೀನೂ ಇಲ್ಲ, ಹುಲ್ಲೂ ಇಲ್ಲ, ನಾ ಆಡಿದ ಮಾತೂ ಇಲ್ಲ." ಮಗನ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ಹೊಳಿ ದಂಡಿಗಿ ಹೋಗೋಣು ನಡಿ. ಬದಕಿದಷ್ಟು ಬದಕತಾವ. ಮಳಿ ಆದ ಮ್ಯಾಲ ಬಂದು ನಾನ ತಗೀತೀನಿ."

ಮಗ ನೆಲಕ್ಕೆ ಕೂತು ತಲೆಯ ಮೇಲೆ ಕೈ ಹೊತ್ತುಕೊಂಡ. ಅಪ್ಪನ ಮಾತಿಗೆ ಎದುರು ಹೇಳುವವನು ಅಲ್ಲ, ಒಪ್ಪಿದವನೂ ಅಲ್ಲ.

ಮುತ್ಯಾ ತಟ್ಟಿನ ಹಗ್ಗವನ್ನು ನನ್ನ ಕೈಗೆ ಇಟ್ಟರು. ನನಗೆ ಮೊದಲು ತಿಳಿಯಲಿಲ್ಲ. "ಇದು ಇಲ್ಲೇ ಇರ್ಲಿ. ಗಿಡಕ್ಕ ನೀರು ಹೊರಾಕ ಬೇಕಲ್ಲ ನಿಮಗ" ಎಂದರು. ಹಾದಿಗೆ ನಿಮಗೇ ಬೇಕು, ಮರಿಗಳನ್ನು ಯಾತರ ಮೇಲೆ ಹೊರುತ್ತೀರಿ ಎಂದು ಮಾಸ್ತರರ ಹೆಂಡತಿ ಕೇಳಿದರು. "ನನಗ ಹೆಗಲಿಲ್ಲೇನ್ರಿ ಬಾಯಾರ?" ಎಂದು ನಕ್ಕರು. ಚೀಲದಿಂದ ಚಿಟಿಕೆ ಭಂಡಾರ ತೆಗೆದು ತಟ್ಟಿನ ಹಣೆಗಿಟ್ಟರು, ಮಿಕ್ಕಿದ್ದನ್ನು ನನ್ನ ಹಣೆಗೆ ಒರೆಸಿದರು. ಆ ಹೆಬ್ಬೆರಳಿನ ಒರಟು ನನ್ನ ಹಣೆಗೆ ಇವತ್ತಿಗೂ ಗೊತ್ತು.

ಆ ಬೇಸಿಗೆ ಪೂರ್ತಿ ತಟ್ಟು ಮಡ್ಡಿಯ ಬುಡದಲ್ಲೇ ಉಳಿದು, ಅಲ್ಲಿನ ಬಾವಿಯಿಂದ ಮೇಲಕ್ಕೆ ಕೊಡ ಹೊತ್ತಿತು. ನಾವು ಪಾಳಿ ಹಾಕಿಕೊಂಡು ಜತ್ತದಿಂದ ಹೋಗುತ್ತಿದ್ದೆವು. ಬೇವಿನ ಗಿಡದ ಕೆಳಗೆ ಯಾರೂ ಇರುತ್ತಿರಲಿಲ್ಲ. ಗುದ್ದಲಿ, ಹಿಟ್ಟು, ಎಲ್ಲವನ್ನೂ ಹೊತ್ತು ನಡೆದಾಗಲೇ ಆ ಹಾದಿ ಎಷ್ಟು ಉದ್ದ ಎಂದು ಕಾಲಿಗೆ ತಿಳಿದದ್ದು.

ಮಳೆ ಬಂತು. ಬಿದ್ದ ರಭಸಕ್ಕೆ ಜತ್ತದ ಓಣಿಯಲ್ಲಿ ಮಂದಿ ಹೊರಗೆ ಬಂದು ನೆನೆಯುತ್ತ ನಿಂತರು. ಅದು ನಿಂತ ಮೇಲೆ ಹೊರಟೆವು. ಅವ್ವ ಮುತ್ಯಾನಿಗೆಂದು ಶೇಂಗಾದ ಹೋಳಿಗೆ ಕಟ್ಟಿಕೊಟ್ಟಿದ್ದಳು. ಭಂಡಾರ ತೆಗೆಯುವ ದಿನಕ್ಕೆ ಸಿಹಿ ಇರಲಿ ಎಂದು. ಗಾಡಿ ತಿರುವು ದಾಟುವಾಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಬೇವಿನ ಗಿಡದ ಕೆಳಗೆ ಒಬ್ಬರು ನಿಂತಿದ್ದರು. ಹತ್ತಿರ ಹೋದಾಗ ಹಿರೇಮಗ ಎಂದು ತಿಳಿಯಿತು. ಮುತ್ಯಾನ ಕಂಬಳಿ, ಅಂಚು ಹರಿದದ್ದು, ಅವನ ಹೆಗಲ ಮೇಲಿತ್ತು.

"ಹೊಳಿ ಇನ್ನ ದೂರ ಇತ್ರಿ" ಎಂದ. "ನಡ್ಯಾಕಾಗದ ಮರಿ ಹೆಗಲ ಮ್ಯಾಲ ಹೊತ್ಕೊಂಡ ನಡದಿದ್ದ. ನೆಳ್ಳಿಗಿ ಕುಂತ. ಏಳಲಿಲ್ಲ. ಮರಿ ಇಳಸರಿ ಅಂದ, ಅಷ್ಟ. ಅಲ್ಲೇ ಮಣ್ಣ ಮಾಡಿ ಮುಂದ ಹ್ವಾದಿವಿ."

ತಟ್ಟು ಇದ್ದಿದ್ದರೆ ಎಂದು ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಉಳಿದ ಹಿಂಡು ಹತ್ತಿರದಲ್ಲೇ ನಿಂತಿತ್ತು. ಒಂದು ನೋಟಕ್ಕೆ ಮುಗಿಯುವಷ್ಟಿತ್ತು.

ಎಲ್ಲರೂ ಮಡ್ಡಿಗೆ ನಡೆದೆವು. ಹಳೆಯ ಒಣ ಹುಲ್ಲಿನ ಬುಡದಿಂದ ಹಸಿರು ಎದ್ದಿತ್ತು. ಹುಣಸೆ ಗಿಡಗಳು ನನ್ನೆತ್ತರ ಆಗಿದ್ದವು. ಮಾಸ್ತರರು ಗೆರೆಯ ಹತ್ತಿರ ಮಗನ ಹೆಗಲು ಹಿಡಿದು, "ಇದು ನಿಮ್ಮದು. ನಿಮ್ಮಪ್ಪನ ಜಾಗಾದಾಗ ನೀ ತಗೀ. ಕುರಿ ಒಳಗ ಬಿಡು" ಎಂದರು. ಕೈ ಮುಗಿದರು.

ಯಾವ ಹುಲ್ಲಿಗಾಗಿ ಬಡಿಗೆ ಹಿಡಿದು ಬಂದಿದ್ದನೋ, ಅಪ್ಪನೆದುರು ಅತ್ತಿದ್ದನೋ, ಆ ಹುಲ್ಲಿನ ಮುಂದೆ ಅವನು ಬಹಳ ಹೊತ್ತು ನಿಂತ. ಕುರಿಗಳು ಅವನ ಕಾಲ ಸುತ್ತ ಒತ್ತುತ್ತಿದ್ದವು.

"ಹಾಕಿದ ಕೈನ ತಗೀಬೇಕ್ರಿ" ಎಂದ. "ಆ ಕೈ ಮಣ್ಣಾಗೈತಿ. ಇನ್ನ ಇದನ್ನ ಯಾರೂ ತಗ್ಯಾಂಗಿಲ್ಲ."

ನಾವು ಎಷ್ಟೋ ಹೇಳಿದೆವು. ಅವನು ಬಡಿಗೆ ಅಡ್ಡ ಹಿಡಿದು ಹಿಂಡನ್ನು ತಿರುಗಿಸಿದ. ನಾನು ತಟ್ಟಿನ ಹಗ್ಗವನ್ನು ಅವನ ಕೈಗಿಟ್ಟೆ. ಅದರ ಬೆನ್ನ ಮೇಲೆ ಹೋಳಿಗೆಯ ಗಂಟು ಕಟ್ಟಿದೆ. ಅಲ್ಲಿಯವರೆಗೆ ತಡೆದ ಅಳು ಆಮೇಲೆ ತಡೆಯಲಾಗಲಿಲ್ಲ.

ನಾನು ಲಗ್ನವಾಗಿ ಮಿರಜಿಗೆ ಹೋದೆ, ಮಾಸ್ತರಿಕೆ ಹಿಡಿದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹೋದಾಗ ಗಾಡಿ ಮಡ್ಡಿಯ ಬುಡದವರೆಗೂ ಹೋಗುತ್ತಿತ್ತು. ಹೊಸ ಕಂಡಕ್ಟರ್, ಇಪ್ಪತ್ತೈದರ ಹುಡುಗ, "ಮುತ್ಯಾನ ಮಡ್ಡಿ ಯಾರದಾರ್ರಿ, ಇಳೀರಿ" ಎಂದು ಕೂಗಿದ. ಯಾವ ಮುತ್ಯಾ ಎಂದು ಅವನಿಗೆ ಗೊತ್ತಿರಲಿಲ್ಲ. ಬುಡದಲ್ಲಿ ಒಂದು ಫಲಕ ನೆಟ್ಟಿದ್ದರು, ಕಾಲೇಜು ವಿದ್ಯಾರ್ಥಿಗಳ ಶ್ರಮದಾನದಿಂದ ಬೆಳೆದ ಕುರಣ ಎಂದು. ಓದಿ ನನಗೆ ಸಿಟ್ಟು ನೆತ್ತಿಗೇರಿತು. ನಾವು ಹಚ್ಚಿದ್ದು ನಿಜ. ಉಳಿಸಿದವರು ಬೇರೆ.

ಗೆರೆಯ ಹೊರಗೆ ಹಿರೇಮಗನ ಕುರಿಗಳು ಮೇಯುತ್ತಿದ್ದವು. ಹಿಂಡು ಮತ್ತೆ ತುಂಬಿತ್ತು. ಕಲ್ಲಿದ್ದ ಕಡೆಯೆಲ್ಲ ಹುಲ್ಲು. ಇದೆಲ್ಲಿಂದ ಬಂತು ಎಂದು ಕೇಳಿದೆ. "ಒಳಗಿನ ಬೀಜ ಗಾಳಿಗಿ ಹಾರಿ ಬರತಾವ್ರಿ ಅಕ್ಕಾರ. ಗಾಳಿಗಿ ಅಪ್ಪ ಭಂಡಾರ ಹಾಕಿಲ್ಲ" ಎಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಅಪ್ಪನ ಮೇಲಿನ ಮುನಿಸು ಉಳಿದಿರಲಿಲ್ಲ.

ಮುತ್ಯಾ ನಿಂತು ನಮಗೆ ಸಾಮಾನು ದಾಟಿಸುತ್ತಿದ್ದ ಜಾಗದಲ್ಲಿ ನಾನೂ ಹೊರಗೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿದೆ. ಹುಲ್ಲು ಎದೆಮಟ್ಟ ಬಂದಿತ್ತು. ಟಗರು ತಿಂದ ಒಂದು ಬುಟ್ಟಿ ಸಸಿಯ ಋಣವನ್ನು ಅವರು ಹೀಗೆ ತೀರಿಸಿ ಹೋದರು. ನಾನು ಹಿಡಿದುಕೊಂಡ ತಟ್ಟಿನ ಹಗ್ಗದ ಋಣ ನನ್ನ ಮೇಲೇ ಇದೆ.